ಜೆರಾಕ್ಸ್ ಅಂಗಡಿ ಇ-ಮೇಲ್‌ಗೆ ವೈರಸ್ ಕಾಟ: ಫೈಲ್ ತೆರೆಯುವ ಮುನ್ನ ಅದರ ಬಾಲ ನೋಡಿ

ಐಮಂಗಲ: ಗೊತ್ತಿಲ್ಲದವರ ಇ-ಮೇಲ್ ತೆರೆಯಬೇಡಿ ಅಂತ ಎಲ್ಲರೂ ಹೇಳ್ತಾರೆ. ಜೆರಾಕ್ಸ್, ಆನ್‌ಲೈನ್ ಸೆಂಟರ್ ಇಟ್ಟುಕೊಂಡವರಿಗೆ ಮಾತ್ರ ಈ ಬುದ್ಧಿಮಾತು ಉಪಯೋಗಕ್ಕೆ ಬರಲ್ಲ. "ಅಣ್ಣಾ, ನಿಮ್ಮ ಜಿಮೇಲ್ ಹೇಳಿ, ಮಾರ್ಕ್ಸ್ ಕಾರ್ಡ್ ಕಳಿಸ್ತೀನಿ" ಅಂತ ಬರುವ ಗಿರಾಕಿಗಳೆಲ್ಲ ಗೊತ್ತಿಲ್ಲದವರೇ. ಅದೇ ಕಂಪ್ಯೂಟರ್‌ನಲ್ಲಿ ಅಂಗಡಿಯ ನೆಟ್ ಬ್ಯಾಂಕಿಂಗ್, ಜಿಎಸ್‌ಟಿ ಲಾಗಿನ್, ಊರವರ ಆಧಾರ್ ಪ್ರತಿಗಳೂ ಇರುತ್ತವೆ. ಹೋದರೆ ಒಬ್ಬರದ್ದೇ ಹೋಗಲ್ಲ.

ಮೇಲ್ ಓದಿದ ಮಾತ್ರಕ್ಕೆ ಸಾಮಾನ್ಯವಾಗಿ ವೈರಸ್ ಬರುವುದಿಲ್ಲ. ಜೊತೆಗೆ ಬಂದ ಫೈಲನ್ನು ಡೌನ್‌ಲೋಡ್ ಮಾಡಿ ಡಬಲ್ ಕ್ಲಿಕ್ ಮಾಡಿದಾಗ ಬರುತ್ತದೆ. 2000ದ ಮೇ ತಿಂಗಳಲ್ಲಿ ಫಿಲಿಪ್ಪೀನ್ಸ್‌ನಿಂದ ಹೊರಟ 'ಐ ಲವ್ ಯೂ' ವೈರಸ್ ಪ್ರಪಂಚವನ್ನೇ ಸುತ್ತಿದ್ದು ಹೀಗೆ. ಫೈಲ್ ಹೆಸರು 'ಟಿಎಕ್ಸ್‌ಟಿ' ಅಂತ ಮುಗಿದ ಹಾಗೆ ಕಾಣುತ್ತಿತ್ತು, ಅದರ ಹಿಂದೆ 'ವಿಬಿಎಸ್' ಅನ್ನುವ ಅಸಲಿ ಬಾಲ ಇತ್ತು. ವಿಂಡೋಸ್ ಆ ಬಾಲವನ್ನು ಮುಚ್ಚಿಡುತ್ತಿತ್ತು. ಈಗಲೂ ಮುಚ್ಚಿಡುತ್ತದೆ! ಹಾಗಾಗಿ ಫೈಲ್ ಎಕ್ಸ್‌ಪ್ಲೋರರ್‌ನ 'ವ್ಯೂ'ಗೆ ಹೋಗಿ 'ಫೈಲ್ ನೇಮ್ ಎಕ್ಸ್‌ಟೆನ್ಷನ್ಸ್'ಗೆ ಟಿಕ್ ಹಾಕಿ (ವಿಂಡೋಸ್ 11ರಲ್ಲಿ 'ವ್ಯೂ' ಒಳಗೆ 'ಶೋ'ದಲ್ಲಿದೆ). ಪಿಡಿಎಫ್, ಜೆಪಿಜಿ ಸರಿ. ಕೊನೆಯಲ್ಲಿ ಇಎಕ್ಸ್‌ಇ, ಜೆಎಸ್, ವಿಬಿಎಸ್ ಅಂತಿದ್ದರೆ ಅದು ಮಾರ್ಕ್ಸ್ ಕಾರ್ಡ್ ಅಲ್ಲ, ಮುಟ್ಟಬೇಡಿ.

ಇಂಥ ಫೈಲ್‌ಗಳನ್ನು ಜಿಮೇಲ್ ತಾನೇ ತಡೆಯುತ್ತದೆ. ಅದು ವಂಚಕರಿಗೂ ಗೊತ್ತು. ಅದಕ್ಕೇ ಪಾಸ್‌ವರ್ಡ್ ಹಾಕಿದ ಜಿಪ್ ಫೈಲ್ ಕಳಿಸಿ, ಪಾಸ್‌ವರ್ಡನ್ನು ಮೇಲ್‌ನಲ್ಲೇ ಬರೆದಿರುತ್ತಾರೆ. ಬೀಗ ಇದ್ದರೆ ಜಿಮೇಲ್‌ಗೆ ಒಳಗಿರುವುದನ್ನು ಪರೀಕ್ಷಿಸಲು ಆಗಲ್ಲ. ನಿಮ್ಮ ಕೈಯಿಂದಲೇ ಬೀಗ ತೆಗೆಸುವ ಉಪಾಯ ಇದು.

ಅಂಗಡಿಯವರಿಗೆ ಸುಲಭದ ದಾರಿ ಒಂದಿದೆ. ಫೈಲನ್ನು ಡೌನ್‌ಲೋಡ್ ಮಾಡದೆ ಜಿಮೇಲ್‌ನಲ್ಲೇ ಕ್ಲಿಕ್ ಮಾಡಿ ಪ್ರಿವ್ಯೂ ತೆರೆದು, ಅಲ್ಲೇ ಮೇಲಿರುವ ಪ್ರಿಂಟ್ ಗುರುತು ಒತ್ತಿ. ಕೆಲಸವೂ ಬೇಗ ಆಗುತ್ತೆ. ವರ್ಡ್, ಎಕ್ಸೆಲ್ ಫೈಲ್ ಡೌನ್‌ಲೋಡ್ ಮಾಡಲೇಬೇಕಾಗಿ ಬಂದು, ಮೇಲೆ ಹಳದಿ ಪಟ್ಟಿಯಲ್ಲಿ 'ಎನೇಬಲ್ ಕಂಟೆಂಟ್' ಅಂತ ಕೇಳಿದರೆ ಒತ್ತಬೇಡಿ. ಬರೀ ಪ್ರಿಂಟ್ ತೆಗೆಯೋಕೆ ಅದು ಬೇಕಾಗಲ್ಲ.

ಇದೆಲ್ಲ ಓದು ಬಾರದವರಿಗೆ ಆಗುವ ಮೋಸ ಅಂದುಕೊಳ್ಳಬೇಡಿ. ಮೋಸದ ಇ-ಮೇಲ್‌ಗಳಿಂದ ತನ್ನ ಕೆಲವು ಸಿಬ್ಬಂದಿಯ ಖಾತೆಗಳಿಗೆ ಧಕ್ಕೆಯಾಗಿದೆ ಎಂದು 2019ರ ಏಪ್ರಿಲ್‌ನಲ್ಲಿ ಬೆಂಗಳೂರಿನ ವಿಪ್ರೊ ಕಂಪನಿಯೇ ಒಪ್ಪಿಕೊಂಡಿತ್ತು.

ಕಂಪ್ಯೂಟರ್ ಹಳೆಯದಾದರೆ ಅಪಾಯ ಇನ್ನೂ ಜಾಸ್ತಿ. ವಿಂಡೋಸ್ 7ಕ್ಕೆ 2020ರ ಜನವರಿಯಲ್ಲೇ ಮೈಕ್ರೋಸಾಫ್ಟ್ ಬೆಂಬಲ ನಿಂತಿದೆ, ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಹಳೇ ಕಂಪ್ಯೂಟರನ್ನು ಪ್ರಿಂಟ್‌ಗೆ ಮಾತ್ರ ಇಟ್ಟುಕೊಂಡು, ಬ್ಯಾಂಕ್ ಮತ್ತು ಜಿಎಸ್‌ಟಿ ಕೆಲಸ ಬೇರೆಯದರಲ್ಲಿ ಮಾಡುವುದು ಒಳ್ಳೆಯದು.

ಗಿರಾಕಿಗಳಿಗೂ ಒಂದು ಮಾತು. ಅಂಗಡಿ ಕಂಪ್ಯೂಟರ್‌ನಲ್ಲಿ ನಿಮ್ಮ ಪಾಸ್‌ವರ್ಡ್ ಹಾಕಿ ಮೇಲ್ ತೆರೆಯಬೇಡಿ. ನಿಮ್ಮ ಮೊಬೈಲ್‌ನಿಂದಲೇ ಫೈಲ್ ಕಳಿಸಿ.

ತಪ್ಪಿ ಕ್ಲಿಕ್ ಆಗಿಬಿಟ್ಟರೆ ಮೊದಲು ಇಂಟರ್ನೆಟ್ ವೈರ್ ಕಿತ್ತುಹಾಕಿ, ವೈಫೈ ಆಫ್ ಮಾಡಿ. ಆಮೇಲೆ ಬೇರೆ ಮೊಬೈಲ್‌ನಿಂದ ಇ-ಮೇಲ್, ಬ್ಯಾಂಕ್ ಪಾಸ್‌ವರ್ಡ್‌ಗಳನ್ನು ಬದಲಿಸಿ. ಖಾತೆಯಿಂದ ಹಣ ಹೋಗಿದ್ದರೆ ಮಾರನೇ ದಿನದವರೆಗೆ ಕಾಯದೆ ಕೂಡಲೇ 1930ಕ್ಕೆ ಕರೆ ಮಾಡಿ. ಬೇಗ ತಿಳಿಸಿದಷ್ಟೂ ಹಣ ತಡೆಹಿಡಿಯುವ ಅವಕಾಶ ಹೆಚ್ಚು. ಚಿತ್ರದುರ್ಗದ ಸಿಇಎನ್ ಪೊಲೀಸ್ ಠಾಣೆಯಲ್ಲೂ ದೂರು ಕೊಡಬಹುದು. ಬಂದ ಮೇಲ್ ಡಿಲೀಟ್ ಮಾಡಬೇಡಿ, ತನಿಖೆಗೆ ಬೇಕಾಗುತ್ತೆ.