ಓದದೆ ಬಿಟ್ಟ ಮೊದಲ ಪರದೆ

ರಾತ್ರಿ ಹನ್ನೊಂದರ ಹೊತ್ತಿಗೆ ಹಳೆಯ ಸೋಲಾರಿಸ್ 8 ಸರ್ವರ್‌ನಲ್ಲಿ ಒಂದು ಫೈಲ್ ತಿದ್ದುತ್ತಿದ್ದೆ. ಕೈತಪ್ಪಿ ಕೊಟ್ಟ ಒಂದು ಆದೇಶ ಫೈಲ್ ತುಂಬ ಬೇಡದ ಕಡೆಯೆಲ್ಲ ಪದ ಬದಲಿಸಿಬಿಟ್ಟಿತು. ಅದು ಕಣ್ಣಿಗೆ ಬೀಳುವಷ್ಟರಲ್ಲಿ ಇನ್ನೊಂದು ಅಕ್ಷರ ತಿದ್ದಿಯಾಗಿತ್ತು. ‘ಯು’ ಒತ್ತಿದೆ, ಆ ಅಕ್ಷರ ಹಿಂದಿನಂತಾಯಿತು. ಮತ್ತೆ ಒತ್ತಿದೆ, ತಿದ್ದಿದ್ದೇ ಮರಳಿತು! ಹಳೆಯ ವಿಐಗೆ ಒಂದೇ ಹೆಜ್ಜೆ ಹಿಂದೆ ಹೋಗಲು ಗೊತ್ತು. ಸೇವ್ ಮಾಡದೆ ಹೊರಬಂದೆ. ಒಂದು ಗಂಟೆಯ ಕೆಲಸ ನೀರಿನಲ್ಲಿ ಹೋಮ.

ವಿಐ ಬಿಲ್ ಜಾಯ್ ಬರ್ಕ್ಲಿಯಲ್ಲಿ 1976ರಲ್ಲಿ ಬರೆಯತೊಡಗಿದ ಎಡಿಟರ್. ಅದರ ಸುಧಾರಿತ ರೂಪವೇ ವಿಮ್. ನೆದರ್ಲೆಂಡ್ಸ್‌ನ ಬ್ರಾಮ್ ಮೂಲೆನಾರ್ 1991ರಲ್ಲಿ ಇದನ್ನು ಎಲ್ಲರಿಗೂ ಬಿಡುಗಡೆ ಮಾಡಿದರು. ಅದರ ಸೋರ್ಸ್ ಕೋಡ್ ಯಾರಿಗೂ ಉಚಿತ. ಹಾಗಾಗಿ ವಿಮ್ 7.4 ಅನ್ನು ನಾನೇ ಕಂಪೈಲ್ ಮಾಡಲು ಕುಳಿತೆ.

ಲಿನಕ್ಸ್‌ನಲ್ಲಿ ಬೆಳೆದವರಿಗೆ ಸೋಲಾರಿಸ್ ಹೆಜ್ಜೆಹೆಜ್ಜೆಗೂ ಪಾಠ ಕಲಿಸುತ್ತದೆ. ಅಲ್ಲಿನ ಟಾರ್ ಒತ್ತಿಟ್ಟ ಫೈಲನ್ನು ತಾನಾಗಿ ಬಿಚ್ಚುವುದಿಲ್ಲ. ಮೊದಲು ಬಿಝಿಪ್2ರಿಂದ ಬಿಚ್ಚಿ ಪೈಪ್ ಮೂಲಕ ಕೊಡಬೇಕು. ‘ಸಿಸಿ’ ಎಂದು ಟೈಪಿಸಿದರೆ ಕಂಪೈಲರ್ ಬದಲು, ಭಾಷೆಯ ಪ್ಯಾಕೇಜ್ ಹಾಕಿಲ್ಲ ಎಂಬ ಉತ್ತರ. ಪುಣ್ಯಕ್ಕೆ ಜಿಸಿಸಿ ಇತ್ತು. ‘ಮೇಕ್’ ಇರುವುದು ‘/ಯುಎಸ್‌ಆರ್/ಸಿಸಿಎಸ್/ಬಿನ್’ನಲ್ಲಿ, ಅದನ್ನು ಪಾತ್‌ಗೆ ಸೇರಿಸಬೇಕು. ರೂಟ್ ಅಧಿಕಾರ ನನಗಿರಲಿಲ್ಲ. ಕಾನ್ಫಿಗರ್‌ಗೆ ‘ಪ್ರಿಫಿಕ್ಸ್’ ಆಗಿ ನನ್ನ ಹೋಮ್ ಡೈರೆಕ್ಟರಿಯನ್ನೇ ಕೊಟ್ಟೆ, ಗ್ರಾಫಿಕ್ಸ್ ಬೇಡವೆಂದೆ. ಯಾರ ಅಪ್ಪಣೆಯೂ ಬೇಕಾಗಲಿಲ್ಲ.

ವಿಮ್ ತೆರೆಯಿತು. ಖುಷಿಯಿಂದ ಎರಡು ಸಲ ‘ಯು’ ಒತ್ತಿದರೆ ಮತ್ತದೇ ಹಳೆಯ ಚಾಳಿ! ಅರ್ಧ ಗಂಟೆ ತಲೆ ಕೆರೆದುಕೊಂಡೆ. ಉತ್ತರ ಮೊದಲ ಪರದೆಯಲ್ಲೇ ಇತ್ತು: ವಿಐ ಹೊಂದಾಣಿಕೆಯ ರೀತಿಯಲ್ಲಿ ಓಡುತ್ತಿದ್ದೇನೆ ಎಂದು ವಿಮ್ ಹೇಳಿತ್ತು. ಹೋಮ್‌ನಲ್ಲಿ ‘.ವಿಮ್‌ಆರ್‌ಸಿ’ ಎಂಬ ಫೈಲ್ ಇಲ್ಲದಿದ್ದರೆ ಈ ಆವೃತ್ತಿ ಹಳೆಯ ವಿಐನಂತೆಯೇ ನಡೆಯುತ್ತದೆ. ಆ ಹೆಸರಿನ ಖಾಲಿ ಫೈಲ್ ಸೃಷ್ಟಿಸಿದೆ, ಅಷ್ಟೇ. ಎಷ್ಟು ಹೆಜ್ಜೆ ಬೇಕಾದರೂ ಹಿಂದೆ ಹೋಗಬಹುದಾಯಿತು.

ಆ ಪರದೆಯಲ್ಲಿ ನಾನು ವರ್ಷಗಟ್ಟಲೆ ಓದದೆ ಬಿಟ್ಟ ಇನ್ನೊಂದು ಸಾಲಿತ್ತು: ಉಗಾಂಡದ ಬಡಮಕ್ಕಳಿಗೆ ನೆರವಾಗಿ. ಬ್ರಾಮ್ 1994ರಲ್ಲಿ ಅಲ್ಲಿನ ಕಿಬಾಲೆಯ ಮಕ್ಕಳ ಕೇಂದ್ರದಲ್ಲಿ ಒಂದು ವರ್ಷ ಸ್ವಯಂಸೇವಕರಾಗಿದ್ದರು. ಏಡ್ಸ್‌ನಿಂದ ತಂದೆತಾಯಿಯರನ್ನು ಕಳೆದುಕೊಂಡ ಮಕ್ಕಳನ್ನು ಕಂಡಿದ್ದರು. ವಿಮ್‌ಗೆ ಅವರು ಬೆಲೆ ಕೇಳಲಿಲ್ಲ. ಇಷ್ಟವಾದರೆ ಆ ಮಕ್ಕಳಿಗೆ ಕೊಡಿ ಎಂದರು.

2023ರ ಆಗಸ್ಟ್‌ನಲ್ಲಿ ಬ್ರಾಮ್ ತೀರಿಕೊಂಡರು. ಅವರ ಎಡಿಟರ್‌ನಿಂದ ಎಷ್ಟು ವರ್ಷ ಸಂಬಳ ಎಣಿಸಿದ್ದೇನೆಂದು ಅಂದು ಲೆಕ್ಕ ಹಾಕಿದೆ. ಆ ಸಾಲಿಗೆ ನಾನು ಉತ್ತರಿಸಿದ್ದು ಅಂದೇ, ತುಂಬಾ ತಡವಾಗಿ. ನೀವೂ ವಿಮ್ ಬಳಸುವವರಾದರೆ, ಮುಂದಿನ ಸಲ ಮೊದಲ ಪರದೆಯನ್ನು ಒಮ್ಮೆ ಪೂರ್ತಿ ಓದಿ.