ಹಳೆಯ ಕಾರುಗಳಲ್ಲಿ ಎಂಜಿನ್ ಬಲ ಕುಂದುವಿಕೆ ಮತ್ತು ಅತಿತಾಪ: ಪರಿಶೀಲನಾ ಕ್ರಮ

ಏರುದಾರಿಯಲ್ಲಿ ಎಂಜಿನ್ ಬಲ ಕುಂದುವುದೂ ತಾಪಮಾಪಕದ ಮುಳ್ಳು ಏರುವುದೂ ಒಟ್ಟಿಗೆ ಕಂಡುಬಂದಲ್ಲಿ, ಇಂಧನ ಫಿಲ್ಟರ್ ಬದಲಿಸುವ ಮುನ್ನ ಕೂಲೆಂಟ್ ಮಟ್ಟವನ್ನು ಪರಿಶೀಲಿಸತಕ್ಕದ್ದು. ಹೊರಸೋರಿಕೆಯಿಲ್ಲದೆ ಅದು ಪದೇ ಪದೇ ಇಳಿಯುತ್ತಿದ್ದರೆ ಹೆಡ್ ಗ್ಯಾಸ್ಕೆಟ್ ಸುಟ್ಟಿರುವ ಸಂಭವ ಹೆಚ್ಚು. ದಹನಾನಿಲವು ನೀರಿನ ಮಾರ್ಗಕ್ಕೆ ನುಗ್ಗುವುದರಿಂದ ಸಂಪೀಡನ ತಗ್ಗಿ ಬಲ ಕುಗ್ಗುತ್ತದೆ, ಶಾಖವೂ ಏರುತ್ತದೆ. ತಣ್ಣಗಿರುವ ಎಂಜಿನ್ನಿನ ರೇಡಿಯೇಟರ್ ಮುಚ್ಚಳ ತೆಗೆದು ಚಾಲೂ ಮಾಡಿದಾಗ ಗುಳ್ಳೆಗಳು ನಿಲ್ಲದೆ ಏಳುವುದು ಇದರ ಲಕ್ಷಣ. ಕೆಲವೊಮ್ಮೆ ಎಂಜಿನ್ ಆಯಿಲ್ ಹಾಲು ಬೆರೆತ ಚಹಾದಂತೆ ಕಾಣುತ್ತದೆ.

ಗುಳ್ಳೆಗಳಿಲ್ಲದಿದ್ದಲ್ಲಿ ಥರ್ಮೋಸ್ಟಾಟ್, ಫ್ಯಾನ್ ಹಾಗೂ ರೇಡಿಯೇಟರನ್ನು ನೋಡಬೇಕು. ಥರ್ಮೋಸ್ಟಾಟನ್ನೇ ಕಿತ್ತೆಸೆಯುವ ಗ್ಯಾರೇಜು ರೂಢಿಯು ದುರಸ್ತಿಯಲ್ಲ. ಕೊಳವೆಬಾವಿಯ ಗಡಸು ನೀರು ರೇಡಿಯೇಟರ್ ನಾಳಗಳಲ್ಲಿ ಸುಣ್ಣ ಕಟ್ಟಿಸುತ್ತದೆ.

ಬಿಸಿ ಎಂಜಿನ್ನಿನ ಮುಚ್ಚಳ ತೆರೆಯಲೇಬಾರದು. 1 ಬಾರ್ ಹೆಚ್ಚುವರಿ ಒತ್ತಡದಲ್ಲಿ ನೀರು ಸುಮಾರು 120 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯದೆ ನಿಂತಿದ್ದು, ಒತ್ತಡ ಬಿಟ್ಟೊಡನೆ ಮುಖಕ್ಕೆ ಚಿಮ್ಮುತ್ತದೆ.