ಕಿಟಕಿ ಪಕ್ಕದಲ್ಲೊಂದು ಸ್ಟುಡಿಯೋ

ಮದುವೆಗೆ ಮುಂಚೆ ನೀವು ಚಿತ್ರ ಬಿಡಿಸುತ್ತಿದ್ದಿರಿ, ಅಲ್ವೇ? ಆ ಬಣ್ಣದ ಡಬ್ಬಿ ಈಗ ಎಲ್ಲಿದೆ? ಅಟ್ಟದ ಮೇಲೆ, ಹಳೇ ಮಿಕ್ಸಿ ಜಾರಿನ ಹಿಂದೆ! ‘ಒಂದು ರೂಮು ಅಂತ ಇದ್ದಿದ್ದರೆ, ಸ್ವಲ್ಪ ಪುರುಸೊತ್ತು ಇದ್ದಿದ್ದರೆ ನಾನೂ...’ ಎಂದು ಎಷ್ಟು ಸಲ ಅಂದುಕೊಂಡಿಲ್ಲ ಹೇಳಿ. ಹಾಗಾದರೆ ಒಬ್ಬ ನಿಸರ್ಗಚಿತ್ರ ಕಲಾವಿದರ ದಿನಚರಿ ಕೇಳಿ.

ಅವರು ಡೇವಿಡ್ ಹಾಕ್ನಿ. 1937ರಲ್ಲಿ ಇಂಗ್ಲೆಂಡಿನ ಬ್ರಾಡ್‌ಫರ್ಡ್‌ನಲ್ಲಿ ಹುಟ್ಟಿದವರು. ಹೆಸರು ಮಾಡಿದ್ದು ಅಮೆರಿಕದ ಈಜುಕೊಳಗಳ ಚಿತ್ರಗಳಿಂದ. ಆದರೆ ಅರವತ್ತೈದು ದಾಟಿದ ಮೇಲೆ ಬ್ರಿಡ್ಲಿಂಗ್ಟನ್ ಎಂಬ ಕಡಲತೀರದ ಊರಿನಲ್ಲಿ ನೆಲೆಸಿದರು. ಅವರ ತಾಯಿ ಕೊನೆಗಾಲ ಕಳೆದದ್ದು ಅದೇ ಊರಲ್ಲಿ. ಆ ಸುತ್ತಲಿನ ಹಳ್ಳಿರಸ್ತೆ, ಬೇಲಿಗಿಡ, ಬೋಳು ಮರ ಇಷ್ಟೇ ಅವರ ವಿಷಯ. 2006ರಲ್ಲಿ ವೋಲ್ಡ್‌ಗೇಟ್ ಎಂಬ ರಸ್ತೆಬದಿಯ ಕಾಡಿನ ಒಂದೇ ಜಾಗವನ್ನು ಋತು ಬದಲಾದ ಹಾಗೆಲ್ಲ ಮತ್ತೆ ಮತ್ತೆ ಬರೆದರು.

ಮರುವರ್ಷ 50 ಕ್ಯಾನ್ವಾಸ್ ಜೋಡಿಸಿ, ಸುಮಾರು 15 ಅಡಿ ಎತ್ತರ, 40 ಅಡಿ ಅಗಲದ ಒಂದೇ ಮರಗಳ ಚಿತ್ರ! ಎಲೆ ಚಿಗುರುವ ಮೊದಲೇ ಮುಗಿಸಬೇಕಿತ್ತು, ಚಿಗುರಿದರೆ ಬೋಳು ಕೊಂಬೆಗಳ ಆ ಬಲೆಯೇ ಮಾಯ. ಅಷ್ಟನ್ನೂ ಒಟ್ಟಿಗೆ ನಿಲ್ಲಿಸಿ ನೋಡಲು ಸ್ಟುಡಿಯೋದಲ್ಲಿ ಜಾಗವೇ ಇರಲಿಲ್ಲ. ಬರೆದ ತುಂಡುಗಳ ಫೋಟೊ ತೆಗೆದು ಕಂಪ್ಯೂಟರಿನಲ್ಲಿ ಜೋಡಿಸಿ ನೋಡಿಕೊಳ್ಳುತ್ತಿದ್ದರು. ಜಾಗ ಸಾಲದು ಅನ್ನೋ ಗೋಳು ನಮ್ಮೊಬ್ಬರದ್ದೇ ಅಲ್ಲ ನೋಡಿ!

ಹಾಗಂತ ಅವರ ಕಷ್ಟ, ನಮ್ಮ ಕಷ್ಟ ಒಂದೇ ಅಂತ ಹೇಳಿದರೆ ನೀವು ನಗ್ತೀರಿ. ಕಾರು ಓಡಿಸೋಕೆ, ಕ್ಯಾನ್ವಾಸ್ ಎತ್ತಿಡೋಕೆ ಅವರಿಗೆ ಸಹಾಯಕರಿದ್ದರು. ಕುಕ್ಕರ್ ಎಷ್ಟು ಸೀಟಿ ಹೊಡೀತು ಅಂತ ಲೆಕ್ಕ ಇಡಬೇಕಿರಲಿಲ್ಲ. ನಮಗೆ ಬೇಕಾದ್ದು ಅವರ ಬೆಳಗಿನ ಅಭ್ಯಾಸ. 2009ರ ಹೊತ್ತಿಗೆ ಅವರು ಐಫೋನ್ ಮೇಲೆ ಬೆರಳಿನಿಂದಲೇ ಚಿತ್ರ ಬಿಡಿಸತೊಡಗಿದರು. ಎಲ್ಲಿ? ಹಾಸಿಗೆಯಲ್ಲೇ! ಹೂದಾನಿಯಲ್ಲಿ ಇದ್ದ ಹೂ, ಕಿಟಕಿಯಾಚೆಯ ಸೂರ್ಯೋದಯ. ಪರದೆಗೇ ಬೆಳಕಿರುವುದರಿಂದ ನಸುಕಿನಲ್ಲೂ ದೀಪ ಹಾಕಬೇಕಿಲ್ಲ. ಆ ಹೂವನ್ನು ಗೆಳೆಯರಿಗೆ ಕಳಿಸಿಬಿಡುತ್ತಿದ್ದರು. 2012ರಲ್ಲಿ ಲಘು ಪಾರ್ಶ್ವವಾಯು ಬಡಿದು ಮಾತು ತೊಡರಿತು, ಕೈ ಮಾತ್ರ ನಿಲ್ಲಲಿಲ್ಲ. 2020ರ ಲಾಕ್‌ಡೌನಿನಲ್ಲಿ, ನಾವೆಲ್ಲ ಮೂರು ಹೊತ್ತೂ ಅಡುಗೆಮನೆಯಲ್ಲೇ ಇದ್ದೆವಲ್ಲ, ಆಗ ಹಾಕ್ನಿ ಫ್ರಾನ್ಸಿನ ನಾರ್ಮಂಡಿಯ ತಮ್ಮ ಮನೆಯ ಸುತ್ತ ವಸಂತ ಬರುವುದನ್ನು ಐಪ್ಯಾಡಿನಲ್ಲಿ ಬಿಡಿಸುತ್ತಿದ್ದರು. ಅವುಗಳಲ್ಲಿ 116 ಚಿತ್ರಗಳು ಮರುವರ್ಷ ಲಂಡನ್ನಿನಲ್ಲಿ ಪ್ರದರ್ಶನಗೊಂಡವು.

ಸರಿ, ಈಗ ಡಬ್ಬಿ ಕೆಳಗಿಳಿಸಿ. ಜಲವರ್ಣದ ಟ್ಯೂಬು ಒಣಗಿ ಕಲ್ಲಾಗಿದೆಯೇ? ಎಸೆಯಬೇಡಿ. ಟ್ಯೂಬನ್ನು ಉದ್ದಕ್ಕೆ ಕತ್ತರಿಸಿ, ಗಟ್ಟಿ ಬಣ್ಣವನ್ನು ಪುಟ್ಟ ಬಟ್ಟಲಿಗೆ ಹಾಕಿ ಎರಡು ಹನಿ ನೀರು ಬಿಡಿ, ಸ್ವಲ್ಪ ಹೊತ್ತಿನಲ್ಲಿ ಕರಗುತ್ತೆ. (ಅಕ್ರಿಲಿಕ್ ಆದರೆ ಆಸೆ ಬಿಡಿ, ಒಣಗಿದರೆ ಮುಗೀತು.) ತೈಲವರ್ಣ ಸದ್ಯಕ್ಕೆ ಬೇಡ. ಚಿಕ್ಕ ಫ್ಲಾಟಿನಲ್ಲಿ ಟರ್ಪೆಂಟೈನ್ ವಾಸನೆ ತಲೆನೋವು ತರುತ್ತದೆ, ಬೆಂಕಿಯ ಹತ್ತಿರವಂತೂ ಇಡಲೇಬಾರದು.

ಯಾವುದಾದರೂ ಒಂದೇ ಕಿಟಕಿ ಆರಿಸಿಕೊಳ್ಳಿ. ಎದುರಿಗೆ ಹೊಂಗೆ ಮರವಿದ್ದರೆ ನಿಮ್ಮ ಪುಣ್ಯ. ಬೇಸಿಗೆಯ ಹೊಸ್ತಿಲಲ್ಲಿ ಎಲೆ ಉದುರಿಸಿ ಕೆಲವೇ ದಿನಗಳಲ್ಲಿ ಮಿರಮಿರ ಚಿಗುರುತ್ತೆ, ‘ಮುಂದಿನ ವಾರ ಬರೆದರಾಯ್ತು’ ಅಂದರೆ ಅದು ಕಾಯಲ್ಲ! ಮರವಿಲ್ಲವೇ? ಎದುರುಮನೆಯ ನೀರಿನ ಟ್ಯಾಂಕು, ಅದರ ಹಿಂದಿನ ಆಕಾಶವೂ ನಿಸರ್ಗಚಿತ್ರವೇ. ದಿನವೂ ಒಂದೇ ಹೊತ್ತಿಗೆ ಕೂರಿ, ನೆರಳಿನ ಜಾಗ ಬದಲಾಗದಿರಲಿ. ಅರ್ಧ ಗಂಟೆ ಸಾಕು, ಆಮೇಲೆ ನೆರಳೇ ಸರಿದುಹೋಗಿರುತ್ತೆ. ಒಂದು ಮುಖ್ಯ ಮಾತು: ಮುಗಿದ ಮೇಲೆ ಎಲ್ಲವನ್ನೂ ಎತ್ತಿ ಬೀರುವಿನಲ್ಲಿ ಇಡಬೇಡಿ. ಹಾಳೆ, ಬ್ರಷ್ಷು, ನೀರಿನ ಲೋಟ ಅಲ್ಲೇ ಕಿಟಕಿ ಕಟ್ಟೆಯ ಮೇಲಿರಲಿ. ಎತ್ತಿಟ್ಟರೆ ನಾಳೆ ಮತ್ತೆ ಹರಡಿಕೊಳ್ಳೋ ಸೋಮಾರಿತನ, ನಾಡಿದ್ದು ಅದು ಅಟ್ಟ ಸೇರುತ್ತೆ. ಮನೆಯವರು ‘ಇದೇನು ಇಲ್ಲಿ ಹರವಿದ್ದೀಯ?’ ಅಂತ ಗೊಣಗಬಹುದು. ಗೊಣಗಲಿ ಬಿಡಿ, ಅವರ ಪೇಪರು, ಚಾರ್ಜರು ಎಲ್ಲಿ ಬೇಕಾದರೂ ಬಿದ್ದಿರುತ್ತಲ್ಲ!

ಬಿಡಿಸಿದ್ದನ್ನು ಮೊಬೈಲಿನಲ್ಲಿ ಕ್ಲಿಕ್ಕಿಸಿ ಒಬ್ಬ ಗೆಳತಿಗೆ ವಾಟ್ಸ್ಯಾಪ್ ಮಾಡಿ. ದಿನಾ ಬರುವ ಅದೇ ‘ಗುಡ್ ಮಾರ್ನಿಂಗ್’ ಗುಲಾಬಿ ನೋಡಿ ಅವಳಿಗೂ ಸಾಕಾಗಿರುತ್ತೆ.